ಲವೀನಾ ಬಾಯಿಯ ಪ್ರೋಟೀನು

ಗಾಜಿನ ತಟ್ಟೆಯಲ್ಲಿ ಹೃದಯದ ಜೀವಕೋಶಗಳು ಮಿಡಿಯುತ್ತಿದ್ದವು, ಒಂದೊಂದೂ ತನ್ನ ಪಾಡಿಗೆ ತಾನು. ಡಾ. ಸುಮೇಧಾ ಕಕ್ಕಿಲಾಯ ಅದಕ್ಕೆ ಒಂದು ಹನಿ ದ್ರವ ಬಿಟ್ಟಳು. ನೋಡುನೋಡುತ್ತಿದ್ದಂತೆ ಪಕ್ಕಪಕ್ಕದ ಕೋಶಗಳು ಜೊತೆಗೂಡಿ, ಕೊನೆಗೆ ತಟ್ಟೆಯಿಡೀ ಒಂದೇ ಎದೆಯ ಹಾಗೆ ಮಿಡಿಯತೊಡಗಿತು.

“ಈ ಮದ್ದು ನನ್ನದೇ ಅಲ್ವಾ?” ಹಿಂದೆ ನಿಂತಿದ್ದ ಲವೀನಾ ಬಾಯಿ ಕೇಳಿದರು.

ಮಂಗಳೂರಿನ ಜೆಪ್ಪುವಿನಲ್ಲಿ ಬೇಕರಿ ನಡೆಸುವ ಈ ಹೆಂಗಸಿನ ಹೃದಯ ಎಂಥ ಜ್ವರದಲ್ಲೂ ಲಯ ತಪ್ಪುತ್ತಿರಲಿಲ್ಲ. ಕಾರಣ ಹುಡುಕಿ ಹೊರಟ ಸುಮೇಧಾಳಿಗೆ ಅವರ ರಕ್ತದಲ್ಲಿ ಅಪರೂಪದ ಪ್ರೋಟೀನೊಂದು ಸಿಕ್ಕಿತ್ತು. ಕೋಶದಿಂದ ಕೋಶಕ್ಕೆ ಸಂಕೇತ ದಾಟುವ ಸಣ್ಣ ಕಿಂಡಿಗಳನ್ನು ಅದು ಚೆನ್ನಾಗಿ ತೆರೆದಿಡುತ್ತಿತ್ತು. ಅದರ ವಂಶವಾಹಿಯನ್ನು ಈಸ್ಟ್‌ಗೆ ಸೇರಿಸಿದಾಗ ಈಸ್ಟೇ ಆ ಪ್ರೋಟೀನನ್ನು ತಯಾರಿಸಿಕೊಟ್ಟಿತು. ಈಗ ಎಷ್ಟೋ ದೇಶಗಳ ಪ್ರಯೋಗಾಲಯಗಳು ಅದನ್ನು ತರಿಸಿಕೊಳ್ಳುತ್ತಿದ್ದವು.

“ಸೂತ್ರ ನಿಮ್ಮದು, ಮಾಡಿದ್ದು ಈಸ್ಟ್,” ಎಂದಳು ಸುಮೇಧಾ.

“ನಾವು ಬ್ರೆಡ್ಡಿಗೆ ಹಾಕುವುದಾ?”

“ಅದರದ್ದೇ ಸಂಬಂಧಿ.”

ಲವೀನಾ ಬಾಯಿ ನಗಲಿಲ್ಲ. “ಡಾಕ್ಟ್ರೇ, ನಮ್ಮ ಎಲಿಶಾ ಮತ್ತೆ ಪ್ರಜ್ಞೆ ತಪ್ಪಿ ಬಿದ್ದಳು. ಈ ಸಲ ಈಜುಕೊಳದಲ್ಲಿ. ಮೇಲೆ ಎಳೆಯದಿದ್ದರೆ ಹೋಗಿಯೇ ಬಿಡುತ್ತಿದ್ದಳು. ಅವಳಿಗೆ ಇದನ್ನು ಕೊಡಿ.”

ಎಲಿಶಾ ಅವರ ಮೊಮ್ಮಗಳು. ಅವಳ ಹೃದಯ ಇದ್ದಕ್ಕಿದ್ದಂತೆ ಲಯ ತಪ್ಪುತ್ತಿತ್ತು.

“ಕೊಡ್ಲಿಕ್ಕೆ ಆಗುವುದಿಲ್ಲ, ಬಾಯಿ. ಇದು ಪ್ರಯೋಗಾಲಯಕ್ಕೆ ಮಾತ್ರ. ಈಸ್ಟ್ ಇದಕ್ಕೆ ತನ್ನದೇ ಬಗೆಯ ಸಕ್ಕರೆ ಅಂಟಿಸಿರುತ್ತದೆ. ದೇಹ ಅದನ್ನು ವೈರಿ ಅಂತ ತಿಳಿಯಬಹುದು.”

“ಮನುಷ್ಯರ ಪ್ರೋಟೀನು ಅಂತೀರಿ, ಮನುಷ್ಯರಿಗೆ ಕೊಡಬಾರದು ಅಂತೀರಿ. ಇದೆಂತ ಮಾತು, ಮಾರಾಯ್ರೆ? ನನ್ನ ರಕ್ತ ಊರಿಗೆಲ್ಲ ಬೇಕು, ನನ್ನ ಮಗುವಿಗೆ ಮಾತ್ರ ಇಲ್ಲವಾ?”

ಪ್ರೋಟೀನಿನ ಸೀಸೆಗಳು ಸುಮೇಧಾಳ ಕೈಗೆಟಕುವ ದೂರದಲ್ಲಿದ್ದವು. ಒಂದನ್ನು ಈ ಅಜ್ಜಿಯ ಕೈಗಿಡಲು ಅವಳ ಮನಸ್ಸು ಎಳೆಯಿತು. ಹನಿ ಬಿದ್ದೊಡನೆ ಕೋಶಗಳು ಜೊತೆಗೂಡುವುದನ್ನು ಎಷ್ಟು ಸಲ ನೋಡಿರಲಿಲ್ಲ! ಒಳಗೊಳಗೆ ಅವಳಿಗೂ ಅದರ ಮೇಲೆ ನಂಬಿಕೆ ಬೆಳೆದುಬಿಟ್ಟಿತ್ತು.

“ಎಲಿಶಾಳ ಚರ್ಮದ ಒಂದು ಚೂರು ಕೊಡಿ,” ಎಂದಳು ಕೊನೆಗೆ. “ಅದರಿಂದ ಅವಳದೇ ಹೃದಯದ ಕೋಶಗಳನ್ನು ಬೆಳೆಸುತ್ತೇನೆ. ಮೊದಲು ತಟ್ಟೆಯಲ್ಲಿ ನೋಡೋಣ.”

“ಅಷ್ಟರಲ್ಲಿ ಅವಳಿಗೆ ಏನಾದರೂ ಆದರೆ?”

“ಆಗಬಹುದು,” ಎಂದಳು ಸುಮೇಧಾ. ಸುಳ್ಳು ಹೇಳಲು ಅವಳಿಂದಾಗಲಿಲ್ಲ. ಲವೀನಾ ಬಾಯಿ ಹೊರಟುಹೋದರು. ಆದರೆ ಮರುದಿನ ಮೊಮ್ಮಗಳನ್ನು ಕರೆದುಕೊಂಡು ಬಂದರು.

ಎಲಿಶಾಳ ಕೋಶಗಳು ಬೆಳೆಯಲು ವಾರಗಳೇ ಹಿಡಿದವು. ಅಷ್ಟು ದಿನವೂ ಅಜ್ಜಿ ಅವಳನ್ನು ಒಬ್ಬಳನ್ನೇ ಸ್ನಾನಕ್ಕೂ ಬಿಡಲಿಲ್ಲ. ಕೊನೆಗೆ ಸುಮೇಧಾ ಆ ತಟ್ಟೆಗೆ ಹನಿ ಬಿಟ್ಟಳು. ಮೂಲೆಯ ಕೆಲವು ಕೋಶಗಳು ಮೊದಲಿನಿಂದಲೂ ತಪ್ಪು ಸಂಕೇತ ಕೊಡುತ್ತಿದ್ದವು. ಕಿಂಡಿಗಳು ತೆರೆದದ್ದೇ ತಡ, ಆ ತಪ್ಪು ಎಲ್ಲ ಕಡೆ ಹರಡಿತು. ತಟ್ಟೆಯಿಡೀ ತರತರ ನಡುಗಿ, ಸ್ತಬ್ಧವಾಯಿತು.

ಸುಮೇಧಾ ಸೀಸೆಗಳ ಕಡೆ ತಿರುಗಿ ನೋಡಿದಳು. ಆ ದಿನ ಒಂದು ಸೀಸೆ ಕೊಟ್ಟುಬಿಟ್ಟಿದ್ದರೆ?

ಉಳಿದ ತಟ್ಟೆಗಳಲ್ಲಿ ಅವಳು ಒಂದೊಂದಾಗಿ ಬೇರೆ ಔಷಧಗಳನ್ನು ಪರೀಕ್ಷಿಸಿದಳು. ಕೊನೆಗೆ ಹಳೆಯದೊಂದು ಮಾತ್ರೆ ಆ ತಪ್ಪು ಸಂಕೇತವನ್ನೇ ಅಡಗಿಸಿತು. ಆಸ್ಪತ್ರೆಯ ವೈದ್ಯರು ಅದನ್ನೇ ಎಲಿಶಾಳಿಗೆ ಕೊಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಮತ್ತೆ ಈಜುಕೊಳಕ್ಕೆ ಇಳಿದಳು. ಅಜ್ಜಿ ದಡದಲ್ಲೇ ಕುಳಿತಿರಬೇಕೆಂಬುದೊಂದೇ ಷರತ್ತು.

ಒಂದು ಸಂಜೆ ಲವೀನಾ ಬಾಯಿ ಬಿಸಿ ಬನ್ನುಗಳ ಪೊಟ್ಟಣ ಹಿಡಿದು ಪ್ರಯೋಗಾಲಯಕ್ಕೆ ಬಂದರು.

“ಆವತ್ತು ನಿಮಗೆ ಮನಸ್ಸಿನಲ್ಲೇ ಶಾಪ ಹಾಕಿದ್ದೆ,” ಎಂದರು.

“ಗೊತ್ತಾಗಿತ್ತು.”

ಲವೀನಾ ಬಾಯಿ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. “ನನ್ನ ಅಮ್ಮನಿಗೂ ಎಲಿಶಾಳದೇ ಕಾಯಿಲೆ. ಡಾಕ್ಟರು ಒಳ್ಳೆಯವರೇ. ಒಂದು ಮಾತ್ರೆ ಕೊಟ್ಟು, ಹಿಡಿಸುತ್ತದಾ ನೋಡೋಣ ಅಂದರು. ಹಿಡಿಸಲಿಲ್ಲ. ಇನ್ನೊಂದು ಕೊಟ್ಟು, ಇದನ್ನೂ ನೋಡೋಣ ಅಂದರು. ಆಮೇಲೆ ನೋಡಲಿಕ್ಕೆ ಅಮ್ಮ ಇರಲಿಲ್ಲ.”

“ತಟ್ಟೆಯಲ್ಲಿ ಮೊದಲು ಪರೀಕ್ಷಿಸಲಿಲ್ಲವೇ?” ಕೇಳಿದ ಮೇಲೆ ಸುಮೇಧಾಳಿಗೆ ತನ್ನ ಪ್ರಶ್ನೆ ಎಷ್ಟು ಪೆದ್ದು ಅನ್ನಿಸಿತು.

“ಎಲ್ಲಿಯ ತಟ್ಟೆ, ಡಾಕ್ಟ್ರೇ? ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಎರಡು ಸಾವಿರದ ಇಪ್ಪತ್ತಾರನೇ ಇಸವಿ. ಆಗ ಎಲ್ಲರಿಗೂ ಹಾಗೆಯೇ ಕೊಡುತ್ತಿದ್ದದ್ದು.”