ಹುಲ್ಲು ಬೇಡವೆಂದ ಬಟನ್

"ಮಾಡೋ ಮಾರಾಯ! ಒಂದ್ಸಲ ಮಾಡಿಬಿಡೋ!"

ಸಣ್ಣಿ ಅರ್ಧ ಗಂಟೆಯಿಂದ ಮೈದಾನದ ಹುಲ್ಲಿನ ಮೇಲೆ ನಿಂತಿದ್ದಳು. ಇಬ್ಬನಿಗೆ ಚಪ್ಪಲಿಯೆಲ್ಲ ಒದ್ದೆ. ಹಗ್ಗದ ಆ ತುದಿಯಲ್ಲಿ ಬಟನ್ ಹುಲ್ಲನ್ನು ಮೂಸಿತು. ಮರವನ್ನು ಮೂಸಿತು. ಯಾರೋ ಬಿಟ್ಟುಹೋದ ಚೆಂಡನ್ನೂ ಮೂಸಿತು. ಆಮೇಲೆ ಸಣ್ಣಿಯ ಮುಖ ನೋಡಿ ಬಾಲ ಆಡಿಸಿತು. ಅಷ್ಟೇ. ಒಂದು ಹನಿಯೂ ಇಲ್ಲ.

"ಸ್ಕೂಲಿಗೆ ಲೇಟಾಗ್ತಿದೆ ಕಣೋ. ಆ ಕರಿ ನಾಯಿ ನೋಡು, ಬಂದ ತಕ್ಷಣ ಮಾಡ್ತು. ನೋಡಿ ಕಲಿತುಕೋ!"

ಬಟನ್ ಕರಿ ನಾಯಿಯನ್ನು ನೋಡಿತು. ನೋಡಿ ಆಕಳಿಸಿತು.

ಮನೆಗೆ ಬಂದು ಹಗ್ಗ ಬಿಚ್ಚಿದ್ದೇ ತಡ, ಸೀದಾ ಅಮ್ಮನ ಹೊಲಿಗೆ ಕೋಣೆಗೆ ಓಟ. ಮೂಲೆಗೆ ಹೋಗಿ ಕಾಲೆತ್ತಿತು. ಸುರ್ರೆಂದು ಶುರುವಾದದ್ದು ನಿಲ್ಲುವ ಲಕ್ಷಣವೇ ಕಾಣಲಿಲ್ಲ.

"ಸಣ್ಣೀ!"

ಹೊಲಿಗೆ ಮೆಷಿನ್ ಗಕ್ಕನೆ ನಿಂತಿತು. ಈ ಸಲ ಮೂಲೆಯಲ್ಲಿದ್ದ ಬಟ್ಟೆಯ ಗಂಟಿಗೂ ತಾಗಿತ್ತು. ಗಂಟಿನಲ್ಲಿದ್ದದ್ದು ನರ್ಸ್ ಒಬ್ಬರ ಬಿಳಿ ಕೋಟುಗಳು.

ಬಟನ್‌ಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ಎದೆ ಉಬ್ಬಿಸಿಕೊಂಡು ಸಣ್ಣಿಯ ಮುಂದೆ ಬಂದು ಕೂತಿತು, ಪ್ರೈಜ್ ತಗೊಳ್ಳೋಕೆ ಸ್ಟೇಜ್ ಹತ್ತಿದವರ ಹಾಗೆ.

"ಇವತ್ತು ಸಂಜೆ ನರ್ಸಮ್ಮ ಟ್ರಯಲ್ ನೋಡೋಕೆ ಬರ್ತಾರೆ. ಅವರಿಗೇನು ಹೇಳಲಿ? ನಮ್ಮ ನಾಯಿ ಆಗಲೇ ನೋಡಿಬಿಟ್ಟಿದೆ ಅಂತಲಾ?" ಅಮ್ಮ ಕೋಟುಗಳನ್ನು ಎರಡೇ ಬೆರಳಿನಲ್ಲಿ ಎತ್ತಿ ಬಕೆಟ್‌ಗೆ ಹಾಕಿದಳು.

ಅಣ್ಣ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಇಣುಕಿದ. "ಇದಕ್ಕೆ ಟ್ರೈನಿಂಗ್ ಬೇಡಮ್ಮ. ಟ್ರೈನಿಂಗ್ ಕೊಡ್ತಿರೋಳಿಗೆ ಮೊದಲು ಟ್ರೈನಿಂಗ್ ಬೇಕು."

"ನೀನು ಬಾಯಿ ತೊಳ್ಕೋ ಹೋಗೋ!"

ಸಣ್ಣಿ ಮಾಡದ ಉಪಾಯ ಉಳಿದಿರಲಿಲ್ಲ. ಮೂಲೆಯಲ್ಲಿ ಪೇಪರ್ ಹಾಸಿದ್ದಳು. ಬಟನ್ ಅದನ್ನು ಹರಿದು ಆಟವಾಡಿತು. ಫಿನಾಯಿಲ್ ಸುರಿದಿದ್ದಳು, ಬಟನ್ ಮೂರು ಸಲ ಸೀನಿ, ಆಮೇಲೆ ಅಲ್ಲೇ ಮಾಡಿತು. ಅಣ್ಣ ಮೈದಾನದಿಂದ ಮಣ್ಣಿನ ಸಮೇತ ಒಂದು ತುಂಡು ಹುಲ್ಲನ್ನೇ ಕಿತ್ತು ತಂದು ಆ ಮೂಲೆಯಲ್ಲಿಟ್ಟಿದ್ದ. ಬಟನ್ ಹುಲ್ಲಿಗೆ ಒಂದು ಹನಿಯೂ ತಾಗದ ಹಾಗೆ ಒಂದಡಿ ಪಕ್ಕಕ್ಕೆ ಸರಿದು ಕೆಲಸ ಮುಗಿಸಿತು.

ಮನೆಯೆಲ್ಲ ಟೈಲ್ಸ್ ಇದ್ದರೂ ಹೊಲಿಗೆ ಕೋಣೆಗೆ ಮಾತ್ರ ಒರಟು ಸಿಮೆಂಟ್ ನೆಲ. ಮೊದಲು ಅದು ಬಟ್ಟೆ ಒಗೆಯುವ ಜಾಗವಾಗಿತ್ತಂತೆ. ಮೂಲೆಯಲ್ಲಿ ನೀರು ಹೋಗುವ ತೂತು ಇನ್ನೂ ಹಾಗೇ ಇತ್ತು. ಆ ನೆಲವನ್ನು ಎಷ್ಟು ತಿಕ್ಕಿದರೂ ವಾಸನೆ ಹೋಗುತ್ತಿರಲಿಲ್ಲ.

"ನಾಯಿಗಳ ಆಶ್ರಯದವರು ಹದಿನೈದು ದಿನ ನೋಡಿ, ಹೊಂದಿಕೊಳ್ಳದಿದ್ರೆ ವಾಪಸ್ ತನ್ನಿ ಅಂದಿದ್ರಲ್ಲ," ಅಂದಳು ಅಮ್ಮ. "ಇವತ್ತು ಹದಿನಾಲ್ಕು. ನಾಳೆ ಹೇಗೂ ರಜೆ. ಬಿಟ್ಟು ಬರೋಣ."

"ಅಮ್ಮಾ..."

"ನನಗೂ ಇದರ ಮೇಲೆ ಆಸೆ ಇಲ್ಲ ಅಂದ್ಕೊಂಡ್ಯಾ? ಆದ್ರೆ ಜನ ನನ್ನ ನಂಬಿ ಬಟ್ಟೆ ಕೊಡ್ತಾರೆ ಕಣೇ."

ಸಣ್ಣಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. "ಹೋಗು! ನಿನಗೆ ನಮ್ಮ ಮನೆ ಬೇಡ ತಾನೇ? ಅಲ್ಲೇ ಹೋಗಿ ಇರು!" ಎಂದು ಬಟನ್ ಮೇಲೆ ರೇಗಿದಳು. ಬಟನ್ ಅವಳ ಒದ್ದೆ ಚಪ್ಪಲಿಯನ್ನು ನೆಕ್ಕಿತು.

ಮರುದಿನ ಹೊಲಿಗೆ ಕೋಣೆಯ ಬಾಗಿಲಿಗೆ ಚಿಲಕ ಬಿದ್ದಿತ್ತು. ಬಟನ್ ಬಾಗಿಲನ್ನು ಕೆರೆದು ಕೆರೆದು ಸೋತಿತು. ನಾಯಿಗಳ ಆಶ್ರಯಕ್ಕೆ ಹೋಗುವ ದಾರಿಯುದ್ದಕ್ಕೂ ಮರ, ಕಂಬ, ಪೊದೆ ಯಾವುದನ್ನೂ ಲೆಕ್ಕಕ್ಕೇ ತೆಗೆದುಕೊಳ್ಳದೆ ಹಗ್ಗ ಜಗ್ಗಿಕೊಂಡು ನಡೆಯಿತು.

ಆಶ್ರಯದಲ್ಲಿ ರಬ್ಬರ್ ಬೂಟು ಹಾಕಿಕೊಂಡ ಆಂಟಿಯೊಬ್ಬರು ಪೈಪ್ ಹಿಡಿದು ನೆಲ ತೊಳೆಯುತ್ತಿದ್ದರು. "ಓಹೋ, ನಮ್ಮ ಹೀರೋ ಬಂದ!"

ಹೀರೋಗೆ ಮಾತಾಡಿಸಲು ಪುರುಸೊತ್ತಿರಲಿಲ್ಲ. ಸಣ್ಣಿಯ ಕೈಯಿಂದ ಹಗ್ಗ ಕಿತ್ತುಕೊಂಡು ಖಾಲಿ ಇದ್ದ ಗೂಡಿನೊಳಗೆ ನುಗ್ಗಿ, ಮೂಲೆಯ ನೀರಿನ ತೂತಿನ ಪಕ್ಕ ನಿಂತು ಕಾಲೆತ್ತಿತು. ಸುರ್ರ್...

"ಶಹಭಾಸ್! ಜಾಣ ನನ್ನ ಮಗ!" ಆಂಟಿ ಪೈಪ್ ಕೆಳಗಿಟ್ಟು ಅದರ ಬೆನ್ನು ಸವರಿ, ಜೇಬಿನಿಂದ ಬಿಸ್ಕತ್ ತೆಗೆದು ಕೊಟ್ಟರು. "ಎಲ್ಲೆಂದರಲ್ಲಿ ಗಲೀಜು ಮಾಡೋ ಜಾತಿ ಅಲ್ಲ ಇದು. ಕಣ್ಣು ಬಿಡದ ಮರಿ ಇದ್ದಾಗಿಂದ ಇಲ್ಲೇ ಬೆಳೆದಿದ್ದು. ಆ ಮೂಲೆ ಕಲಿಸೋಕೆ ನನಗೆ ಎರಡು ತಿಂಗಳು ಹಿಡೀತು ನೋಡಿ."

ಸಣ್ಣಿ ಸುತ್ತಲೂ ನೋಡಿದಳು. ಆ ಗೋಡೆಯಿಂದ ಈ ಗೋಡೆಯವರೆಗೂ ಒರಟು ಸಿಮೆಂಟ್. ಪ್ರತಿ ಗೂಡಿನ ಮೂಲೆಯಲ್ಲೂ ಒಂದು ತೂತು.

"ಆಂಟಿ, ಇಲ್ಲಿ ಹುಲ್ಲು ಎಲ್ಲಿದೆ?"

"ಹುಲ್ಲೆಲ್ಲಿಂದ ಬರಬೇಕು ಮಗಳೇ ಇಲ್ಲಿ?"

ಹಾಗಾದರೆ ಅಷ್ಟೂ ದಿನ ಬೆಳಿಗ್ಗೆ ಮೈದಾನದಲ್ಲಿ ಬಟನ್ ತಡೆದುಕೊಂಡು ನಿಂತಿತ್ತು. ಮೆತ್ತಗಿನ ಆ ಹಸಿರು ಜಾಗ ಗಲೀಜಾಗಬಾರದು ಅಂತ. ಓಡೋಡಿ ಬಂದು ಮನೆಯಲ್ಲಿದ್ದ ಒಂದೇ ಒಂದು ಸರಿಯಾದ ಮೂಲೆ ಹುಡುಕಿಕೊಂಡಿತ್ತು. ಅವಳು ಅದಕ್ಕೆ ಫಿನಾಯಿಲ್ ಸುರಿದಿದ್ದಳು.

ಸಣ್ಣಿ ಅಮ್ಮನ ಸೆರಗು ಹಿಡಿದು ಎಳೆದಳು. ಅಮ್ಮನೂ ಆ ತೂತನ್ನೇ ನೋಡುತ್ತಿದ್ದಳು.

"ಏನಮ್ಮಾ, ಏನು ಬಂದಿದ್ದು?" ಎಂದು ಕೇಳಿದರು ಆಂಟಿ.

ಅಮ್ಮ ಬಗ್ಗಿ ಬಟನ್‌ನ ಹಗ್ಗ ಎತ್ತಿಕೊಂಡಳು. "ಏನಿಲ್ಲ... ನಿಮ್ಮನ್ನ ನೋಡಬೇಕು ಅಂತ ಹಟ ಮಾಡ್ತಿತ್ತು. ಅಂದಹಾಗೆ, ಹೊರಗಡೆ ಮಾಡೋದನ್ನ ಕಲಿಸೋದು ಹೇಗೆ?"

"ಮೊದಲು ಹೊರಗಡೆ ಒಂದು ಸಿಮೆಂಟ್ ಜಾಗ ತೋರಿಸಿ. ಅಲ್ಲಿಂದ ಮಣ್ಣಿಗೆ, ಮಣ್ಣಿಂದ ಹುಲ್ಲಿಗೆ. ಟೈಮ್ ಹಿಡಿಯುತ್ತೆ."

ಗೇಟು ದಾಟಿದ ಮೇಲೆ ಅಮ್ಮ ಬಟನ್ ಕಡೆ ಬೆರಳು ತೋರಿಸಿದಳು. "ಆದ್ರೆ ಆ ಚಿಲಕ ಮಾತ್ರ ತೆಗೆಯೋಲ್ಲ. ಗೊತ್ತಾಯ್ತೇನೋ?"

ಸಂಜೆ ಸಣ್ಣಿ ಬಟನ್‌ನನ್ನು ಮನೆಯ ಹಿಂದೆ ಚರಂಡಿಗೆ ಮುಚ್ಚಿದ ಸಿಮೆಂಟ್ ಹಲಗೆಯ ಹತ್ತಿರ ಕರೆದುಕೊಂಡು ಹೋದಳು. ಬಟನ್ ಮೂಸಿತು. ಒಂದು ಕಾಲಿಟ್ಟು ವಾಪಸ್ ತೆಗೆಯಿತು. ಸುತ್ತು ಹಾಕಿತು. ಮತ್ತೆ ಮೂಸಿತು. ಸೊಳ್ಳೆಗಳು ಸಣ್ಣಿಯ ಕಾಲನ್ನು ಹುಡುಕಿಕೊಂಡು ಬಂದವು.

"ಆಯ್ತೇನೇ?" ಕಿಟಕಿಯಿಂದ ಅಣ್ಣ ಕೂಗಿದ.

"ಒಳಗೆ ಹೋಗೋ! ನೀನು ಹಾಗೆ ನೋಡ್ತಾ ನಿಂತ್ರೆ ಅವನು ಹೇಗೆ ಮಾಡ್ತಾನೆ?"

ಕಿಟಕಿ ಮುಚ್ಚಿತು. ಬಟನ್ ತಲೆ ಎತ್ತಿ ಅವಳನ್ನು ನೋಡಿತು. ಬಾಲ ಅರ್ಧಕ್ಕೆ ನಿಂತಿತ್ತು. ಇಲ್ಲಿ ಮಾಡಬಹುದಾ ಎಂದು ಕೇಳುವ ಹಾಗಿತ್ತು.

'ಮಾಡೋ' ಎಂಬ ಮಾತು ಸಣ್ಣಿಯ ಬಾಯಿಯವರೆಗೂ ಬಂತು. ಅವಳು ಅದನ್ನು ನುಂಗಿಕೊಂಡಳು. ಹಗ್ಗವನ್ನು ಸಡಿಲ ಬಿಟ್ಟು, ಹಿಂದಿನ ಮೆಟ್ಟಿಲ ಮೇಲೆ ಕೂತು, ಮುಖ ಆ ಕಡೆ ತಿರುಗಿಸಿಕೊಂಡು ಕಾಲು ತುರಿಸಿಕೊಳ್ಳತೊಡಗಿದಳು.