ಕಾರಂಜಿ ಪಕ್ಕದ ನಲ್ಲಿ

ಪಿರಿಯಾಪಟ್ಟಣದ ಸರ್ಕಲ್ಲಿನಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ಶಾಂಭವಿ ಸಾಗರ್‌ನ ಕೆನ್ನೆಗೆ ಬಾರಿಸಿದಳು. ಇಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲು.

ಜಗಳ ಮಾತ್ರ ಹಳೆಯದು. ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಮ್ಯಾಪಿನಲ್ಲಿ ಹುಣಸೂರಿನ ಶಾಂಭವಿ ಈ ಸರ್ಕಲ್ಲಿನ ಕಾರಂಜಿಯನ್ನು ‘ಕುಡಿಯುವ ನೀರು’ ಎಂದು ಗುರುತಿಸುವಳು, ಕೆ.ಆರ್. ನಗರದ ಸಾಗರ್ ಅದನ್ನು ಅಳಿಸಿ ‘ಬರೀ ಅಲಂಕಾರ’ ಎಂದು ಹಾಕುವನು. ಚಾಟಿನಲ್ಲಿ ಬೈದಾಡುತ್ತಲೇ ಊಟ ಆಯ್ತಾ ಎಂದು ಕೇಳುವ ಸಲುಗೆಯೂ ಬೆಳೆದಿತ್ತು. ಅವನ ಮೆಸೇಜಿಗೆ ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು. ಅದಕ್ಕೇ ಈಗ ಸಿಟ್ಟು ನೆತ್ತಿಗೇರಿತ್ತು.

ಇವತ್ತು ತಾನೇ ನೋಡುತ್ತೇನೆಂದು ಅವಳು ಮೆಸೇಜ್ ಹಾಕಿ ಬಂದಿದ್ದಳು, ಅವನೂ ಬಂದಿದ್ದ. ಕಾರಂಜಿಯ ಪಕ್ಕದ ನಲ್ಲಿಗೆ ಬೀಗ ಬಿದ್ದಿತ್ತು. ಹಾಕಿದವನು ಎದುರಿಗೇ ಕ್ಯಾನ್ ನೀರು ಮಾರುವ ಶಶಿ.

“ಅವನ ಕಡೆಯವ್ರಾ ನೀವು?” ಎಂದಳು ಶಾಂಭವಿ.

ಸಾಗರ್ ಕೆನ್ನೆ ಉಜ್ಜಿಕೊಂಡ. “ನಿಮ್ಮ ಗುರುತು ನೋಡ್ಕಂಡು ಒಬ್ಬ ಲಾರಿ ಡ್ರೈವರ್ ನೀರಿಗೆ ಬಂದಿದ್ದ ಕಣ್ರೀ. ಶಶಿ ಹುಡುಗ್ರು ಪೈಪಲ್ಲಿ ತಲೆ ಒಡುದ್ರು. ಆಸ್ಪತ್ರೆಗೆ ಸಾಗ್ಸಿದ್ದು ನಾನೇ. ಇನ್ನೊಬ್ಬ ಬಂದು ಸಾಯೋದು ಬ್ಯಾಡ ಅಂತ ಅಳಿಸ್ದೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಬೀಗ ಒಡೆಯಕ್ಕೆ ಬತ್ತಿದ್ರಿ.”

ನೋಡದೆಯೇ ಅವಳನ್ನು ಅಷ್ಟು ಅರಿತಿದ್ದ. ನಾಚಿಕೆಯೂ ಆಯಿತು, ಹಿತವೂ ಆಯಿತು. ಆದರೆ ನಲ್ಲಿಯ ಮುಂದೆ ಖಾಲಿ ಬಾಟಲಿ ಹಿಡಿದು ನಿಂತ ಮುದುಕಿಯನ್ನು ಕಂಡೊಡನೆ ಶಾಂಭವಿ ಕಲ್ಲೆತ್ತಿಕೊಂಡು ಬೀಗಕ್ಕೆ ಬಡಿಯತೊಡಗಿದಳು.

ಬೀಗ ಒಡೆದು ಬೀಳುವಷ್ಟರಲ್ಲಿ ಶಶಿ ಪೈಪ್ ಬೀಸುತ್ತಾ ಓಡಿ ಬಂದ. ಅವಳ ತಲೆಗೆ ಬೀಳಬೇಕಿದ್ದ ಏಟಿಗೆ ಸಾಗರ್ ಬಲಗೈ ಅಡ್ಡ ಕೊಟ್ಟ. ಮೂಳೆ ಲಟಕ್ಕೆಂದಿತು. ಎರಡನೇ ಏಟು ಅವನ ಹಣೆ ಸೀಳಿ ನೆಲಕ್ಕೆ ಕೆಡವಿತು. ಶಾಂಭವಿ ಕೈಯಲ್ಲಿದ್ದ ಕಲ್ಲನ್ನೇ ಶಶಿಯ ಮೊಣಕಾಲಿಗೆ ಜಜ್ಜಿದಳು. ಅವನು ಕಿರುಚಿ ಬಿದ್ದ. ಸುತ್ತಲಿನ ಅಂಗಡಿಯವರು ಮುಗಿಬಿದ್ದು ಅವನನ್ನು ಹಿಡಿದು ಪೊಲೀಸರಿಗೆ ಕೊಟ್ಟರು.

“ಸಾಗರ್, ಕಣ್ಬುಡೋ! ನೀನಿಲ್ದಿದ್ರೆ ನಾನು ಯಾರತ್ರ ಜಗಳ ಆಡ್ಲಿ?” ರಕ್ತಕ್ಕೆ ದುಪಟ್ಟಾ ಒತ್ತಿ ಹಿಡಿದು ಅವಳು ಅತ್ತುಬಿಟ್ಟಳು.

ಸಂಜೆ ಆಸ್ಪತ್ರೆಯ ಮಂಚದ ಮೇಲೆ ಸಾಗರ್‌ನ ತೋಳಿಗೆ ಪ್ಲಾಸ್ಟರ್, ಹಣೆಗೆ ಹೊಲಿಗೆ. ಅವಳು ಫೋನಿನಲ್ಲಿ ಮ್ಯಾಪ್ ತೆರೆದು ಕೂತಿದ್ದಳು.

“ನಿಂದೂ ತಪ್ಪೇ,” ಅಂದ ಅವನು. “ಕಾರಂಜಿ ನೀರು ಪಾಚಿ. ಅದುನ್ನ ಯಾರಾರ ಕುಡುದ್ರೆ? ಅಲಂಕಾರಕ್ಕೊಂದು ಗುರುತು ಹಾಕು, ಪಕ್ಕದ ನಲ್ಲಿಗೆ ಬೇರೆ.”

ಅವಳು ಎರಡು ಗುರುತು ಹಾಕಿದಳು. ಅವಳು ಅವನ ಮಾತು ಕೇಳಿದ್ದು ಇದೇ ಮೊದಲು.

“ಶಶಿ ಬೇಲ್ ತಗಂಡು ಬಂದು ಮತ್ತೆ ಬೀಗ ಹಾಕ್ತಾನೆ.”

“ಮತ್ತೆ ಒಡೀತೀನಿ.”

“ನಾನೂ ಬತ್ತೀನಿ.”

“ಒಂದು ಕೈ ಇಟ್ಕಂಡು ಬಂದು ಏನು ಮಾಡ್ತೀಯಾ?”

“ನಿನ್ನ ಪಕ್ಕ ನಿಂತ್ಕತೀನಿ,” ಅಂದ ಸಾಗರ್. “ಸಾಯೋಗಂಟ.”

ಶಾಂಭವಿ ಫೋನು ಕೆಳಗಿಟ್ಟು ಅವನ ಎಡಗೈ ಹಿಡಿದುಕೊಂಡಳು. ನರ್ಸ್ ಬಂದು ಗದರಿದರೂ ಬಿಡಲಿಲ್ಲ.