ಎರಡು ಸೀಟಿನ ಸಂಸಾರ

"ಪಕ್ಕಕ್ಕೆ ಸರೀತೀಯೋ, ಇಲ್ಲ ನಾನೇ ಸರಿಸಲೋ?"

ಭಾವನ ಗಂಟಲಿಗೆ ಶೆಡ್ಡಿನ ತಗಡಿನ ಮಾಡು ಝಣ್ಣೆಂದಿತು. ಗುಬ್ಬಿ ಸರಿಯಲಿಲ್ಲ. ಕಾರಿನ ಮೂತಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದಳು. ಹೊರಗೆ ರಸ್ತೆಯಲ್ಲಿ ಭಾವನ ಸೋಫಾ ಅಂಗಡಿಯ ಲಾರಿ ಹಿಂಬದಿ ಹಲಗೆ ಇಳಿಸಿಕೊಂಡು, ಬಾಯಿ ತೆರೆದ ಮೊಸಳೆಯಂತೆ ಕಾದಿತ್ತು. ಅಂಗಡಿಯ ಆಳುಗಳು ಹಗ್ಗ ಹಿಡಿದು ಗೇಟಿನ ಬಳಿ ನಿಂತಿದ್ದರು. ಮನೆಯ ಜಗಳದ ಮಧ್ಯೆ ತಲೆ ಹಾಕುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬೆಳಗಿನ ಬಿಸಿಲು ಶೆಡ್ಡಿನೊಳಗೆ ಬಂದು ಆ ಕಡುನೀಲಿ ಕಾರಿನ ಮೇಲೆ ಬಿದ್ದಿತ್ತು. ಎರಡೇ ಸೀಟು, ಹಿಂದಕ್ಕೆ ಮಡಚಿಟ್ಟ ಮಾಡು, ನೆಲಕ್ಕೆ ಹೊಟ್ಟೆ ತಾಗುತ್ತದೇನೋ ಎನ್ನುವಷ್ಟು ತಗ್ಗು.

"ಇಂಜಿನ್ ಬಿಚ್ಚೋ ಮಾತು ಬಿಡಿ ಭಾವ. ಆಮೇಲೆ ಮಾತಾಡೋಣ," ಎಂದಳು ಗುಬ್ಬಿ.

"ಬಿಚ್ಚದೆ ಇನ್ನೇನು ಮಾಡ್ತಾರೆ? ನಮ್ಮ ಅಂಗಡೀಲಿ ಗಾಜಿನ ಕೋಣೆ ಇರೋದು ಮಹಡಿ ಮೇಲೆ. ಅಷ್ಟು ಭಾರ ನೆಲ ತಡೆಯಲ್ಲ ಅಂದಿದಾನೆ ಎಂಜಿನಿಯರು. ನೋಡೋದಕ್ಕೆ ಇಡೋ ಕಾರಿಗೆ ಇಂಜಿನ್ ಯಾಕಮ್ಮಾ? ಮೇಲೆ ತಮ್ಮನ ಫೋಟೋ, ಕೆಳಗೆ ತಮ್ಮನ ಕಾರು, ಸುತ್ತ ಲೈಟು. ನಾಲ್ಕು ಜನ ನೋಡಿ, ಅಣ್ಣ ಅಂದ್ರೆ ಹೀಗಿರಬೇಕು ಅನ್ನಬೇಕು!"

"ಅನ್ನೋರು ಅನ್ನಲಿ. ಕರುಳು ತೆಗೆದು ಹೊಟ್ಟೆಗೆ ಹುಲ್ಲು ತುಂಬಿದ ಜಿಂಕೆ ಹಾಗೆ ಅದನ್ನ ನಿಲ್ಲಿಸೋಕೆ ನಾನು ಬಿಡಲ್ಲ."

ಮೆಟ್ಟಿಲ ಮೇಲೆ ನಿಂತಿದ್ದ ಅತ್ತೆ ಹಲ್ಲು ಕಡಿದರು. ಆ ಹಲ್ಲಿನ ಸೆಟ್ಟು ಮಾಡಿಕೊಟ್ಟವಳು ಗುಬ್ಬಿಯೇ. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ದಿನವಿಡೀ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಕೈಯಲ್ಲಿ ಕಾಳಿನಷ್ಟು ಸಣ್ಣ ಅರ. ಸಂಜೆ ಮನೆಗೆ ಬರುವಾಗ ರೆಪ್ಪೆಯ ಮೇಲೂ ಬಿಳಿ ಪುಡಿ. "ನಾನು ಮಾಡಿದ ಹಲ್ಲಿಂದಲೇ ನನ್ನನ್ನ ಕಚ್ಚುತ್ತಾರೆ. ಕೆಲಸ ಗಟ್ಟಿ ಅಂತ ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ಅವಳು ಲ್ಯಾಬಿನಲ್ಲಿ ನಗಿಸುತ್ತಿದ್ದಳು. ಗಂಡ ಇದ್ದಾಗಿನ ಮಾತು ಅದು. ಈಗ ನಗಿಸುವುದನ್ನು ಬಿಟ್ಟಿದ್ದಳು.

ಗಂಡ ಬಸ್ ಡ್ರೈವರ್. ವಾರವೆಲ್ಲ ಐವತ್ತು ಜನರನ್ನು ಹೊತ್ತು, ನಿಲ್ಲು ಎಂದಲ್ಲಿ ನಿಂತು, ಹೊರಡು ಎಂದಲ್ಲಿ ಹೊರಟು, ಭಾನುವಾರ ಬಂತೆಂದರೆ ಬೇರೆಯೇ ಮನುಷ್ಯ. ಗುಜರಿಯಲ್ಲಿ ತುಕ್ಕು ತಿನ್ನುತ್ತ ಬಿದ್ದಿದ್ದ ಈ ಸ್ಪೋರ್ಟ್ಸ್ ಕಾರಿನ ಅಸ್ಥಿಪಂಜರವನ್ನು ಮನೆಗೆ ಎಳೆದು ತಂದಾಗ ಭಾವ ಬಿದ್ದು ಬಿದ್ದು ನಕ್ಕಿದ್ದ. "ಎರಡು ಸೀಟಿನ ಗಾಡಿ ಸಂಸಾರಸ್ಥರ ಗಾಡಿಯೇನೋ? ಅಮ್ಮನ್ನ ಎಲ್ಲಿ ಕೂರಿಸ್ತೀಯ, ಡಿಕ್ಕೀಲಾ?" ಗಂಡ ಹೆಂಡತಿ ಇಬ್ಬರೂ ಆ ನಗುವನ್ನು ನುಂಗಿಕೊಂಡು ಕೆಲಸಕ್ಕೆ ಕೂತಿದ್ದರು. ಅವನು ಕೆಳಗೆ ಮಲಗಿ ಬೋಲ್ಟು ಬಿಗಿದರೆ, ಇವಳು ಹಲ್ಲು ತಿಕ್ಕುವ ಪಾಲಿಷನ್ನೇ ತಂದು ಹೆಡ್‌ಲೈಟಿನ ಬಳೆಗಳನ್ನು ತಿಕ್ಕಿದಳು. ಎಷ್ಟೋ ಭಾನುವಾರಗಳ ಮೇಲೆ ಒಂದು ಮಧ್ಯಾಹ್ನ ಅದು ಕೆಮ್ಮಿತು, ಉಗುಳಿತು, ಆಮೇಲೆ ಒಮ್ಮೆಲೇ ಗುಡುಗಿತು... ಆವತ್ತು ಗ್ರೀಸ್ ಮೆತ್ತಿದ ಕೈಯಲ್ಲೇ ಅವಳನ್ನು ಎತ್ತಿ ಗಿರಗಿರನೆ ತಿರುಗಿಸಿದ್ದ ಅವನು. "ಗುಬ್ಬೀ, ಹಾರೋಣ ಬಾ!"

ಕುಳ್ಳಗಿದ್ದಾಳೆಂದು ಅವನಿಟ್ಟ ಹೆಸರು ಅದು. ಓಡಿಸುವುದನ್ನು ಕಲಿಸಿದವನೂ ಅವನೇ. ಆದರೆ ಕಲಿಸಿದವನಿಗಿಂತ ಕಲಿತವಳ ಕೈ ಮುಂದೆ ಹೋಯಿತು. ಆ ಕಾರಿನಲ್ಲಿ ಕೂತರೆ ರಸ್ತೆ ಬೆನ್ನುಮೂಳೆಗೇ ಮಾತಾಡುತ್ತದೆ. ತಿರುವು ಬರುವ ಮೊದಲೇ ಗೇರು ಇಳಿಸಿ, ಇಂಜಿನ್ನಿನ ದನಿ ಒಂದು ಮೆಟ್ಟಿಲು ಏರುವುದನ್ನು ಕೇಳಿ, ಸ್ಟಿಯರಿಂಗನ್ನು ಎಳೆಯದೆ ಬರೀ ಒಲಿಸಿದರೆ ಸಾಕು. ಕಾರು ನೀರು ಹರಿದಂತೆ ತಿರುಗುತ್ತದೆ. ದಿನವಿಡೀ ಬೇರೆಯವರ ಬಾಯಿಯ ಅಳತೆಗೆ ಬಗ್ಗಿ ಕೆಲಸ ಮಾಡುವ ಹೆಂಗಸಿಗೆ, ತನ್ನ ಅಳತೆಗೆ ಬಗ್ಗುವ ವಸ್ತು ಲೋಕದಲ್ಲಿ ಅದೊಂದೇ. ಊರಿನಲ್ಲಿ ಅಂಥ ಹುಚ್ಚರದೇ ಒಂದು ಗುಂಪಿತ್ತು. ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನ ಮುಂದೆ ಬಣ್ಣಬಣ್ಣದ ತಗ್ಗು ಕಾರುಗಳು ಸಾಲು ನಿಂತು, ಗುಡ್ಡದ ರಸ್ತೆ ಹತ್ತಿ ಇಳಿಯುತ್ತಿದ್ದವು.

ಆ ಗುಂಪಿಗೆ ಒಂದು ಕಟ್ಟಳೆಯಿತ್ತು. ತಮ್ಮಲ್ಲೊಬ್ಬರು ತೀರಿಕೊಂಡರೆ, ವರ್ಷ ತುಂಬುವವರೆಗೆ ಸಾಲಿನ ಮೊದಲ ಜಾಗವನ್ನು ಅವರ ಕಾರಿಗೆಂದು ಖಾಲಿ ಬಿಡುತ್ತಾರೆ. ವರ್ಷ ತುಂಬುವ ಭಾನುವಾರ ಆ ಕಾರು ಬಂದು ಗುಂಪನ್ನು ಗುಡ್ಡ ಹತ್ತಿಸಬೇಕು. ಬರದಿದ್ದರೆ ಜಾಗ ಮುಚ್ಚಿಹೋಗುತ್ತದೆ, ಸಾಲು ಮುಂದಕ್ಕೆ ಸರಿಯುತ್ತದೆ. ಗುಂಪಿನ ಹಿರಿಯರು, ಔಷಧಿ ಅಂಗಡಿಯ ಗಡ್ಡದಯ್ಯ, ಫೋನಿನಲ್ಲಿ ಹೆಚ್ಚೇನೂ ಹೇಳಿರಲಿಲ್ಲ. "ಈ ಭಾನುವಾರ ಕಾಯ್ತೀವಮ್ಮ. ಬರದಿದ್ರೂ ಬೇಜಾರಿಲ್ಲ. ಬಂದ್ರೆ ಮಾತ್ರ ನೀನೇ ಓಡಿಸ್ಕೊಂಡು ಬರಬೇಕು."

ಈ ಭಾನುವಾರ ಎಂದರೆ ಇವತ್ತು. ಎರಡು ವಾರದಿಂದ, ಅತ್ತೆ ಸ್ನಾನಕ್ಕೆ ಹೋದಾಗಲೆಲ್ಲ ಕಳ್ಳಬೆಕ್ಕಿನಂತೆ ಶೆಡ್ಡಿಗೆ ಬಂದು, ಬಾನೆಟ್ ಎತ್ತಿ ಬ್ಯಾಟರಿ ಬದಲಿಸಿ, ಎಣ್ಣೆ ನೋಡಿ, ಟೈರಿಗೆ ಗಾಳಿ ತುಂಬಿ ಇಟ್ಟಿದ್ದಳು. ಒಳಗೆ ಮಾತ್ರ ಕೂತಿರಲಿಲ್ಲ. ಯಾರೂ ಕೂರುವಂತಿರಲಿಲ್ಲ!

ಅದು ಅತ್ತೆಯ ಕಟ್ಟಪ್ಪಣೆ. ಮಗ ಹೋದ ಮೇಲೆ ದಿನವೂ ಕಾರಿನ ಪಕ್ಕ ಮಣೆ ಹಾಕಿಕೊಂಡು ಕೂತು, ತೆರೆದ ಬಾಗಿಲಿನಿಂದ ಕೈ ಚಾಚಿ ಸ್ಟಿಯರಿಂಗಿನ ಮುಂದಿನ ಸೀಟನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದರು. ಮಗುವಿನ ಬೆನ್ನು ಸವರಿದಂತೆ ಸವರುತ್ತಿದ್ದರು. "ನನ್ನ ಕಂದ ಎದ್ದು ಹೋದ ಹಾಗೇ ಇದೆ ಇದು. ಒಂದು ಕೂದಲೆಳೆ ಸರಿಸಿದೋರ ಕೈ ಮುರೀತೀನಿ!" ಗುಬ್ಬಿ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿ, ತುಟಿ ಕಚ್ಚಿ, ಮತ್ತೆ ಪಾತ್ರೆಗೆ ಕೈ ಹಾಕುತ್ತಿದ್ದಳು.

"ಏನೋ ದೊಡ್ಡವನೇ, ಅವಳ ಜತೆ ಏನು ನಿನ್ನ ವಾದ? ಕಾರು ನನ್ನ ಮಗಂದು. ನಾನು ಹೇಳಿದೀನಿ, ತಗೊಂಡು ಹೋಗು," ಎಂದರು ಅತ್ತೆ ಈಗ. ಗುಬ್ಬಿಯ ಕಡೆ ತಿರುಗಿದರು. "ಗಂಡ ಸತ್ತ ವರ್ಷ ತುಂಬೋ ದಿನ ಗಾಳಿಗೆ ತಲೆ ಕೆದರಿಕೊಂಡು ಬೀದಿ ಸುತ್ತೋಕೆ ಹೊರಟಿದೀಯಲ್ಲೇ... ನಿನ್ನ ಎದೇಲಿರೋದು ಹೃದಯಾನಾ, ಹಲ್ಲು ಮಾಡೋ ಪ್ಲಾಸ್ಟರಾ?"

"ಯಾವುದೋ ಒಂದು ಇದೆ ಅತ್ತೆ. ಈ ಶೆಡ್ಡಲ್ಲಿ ನಿಂತು ನಿಂತು ಅದಕ್ಕೂ ತುಕ್ಕು ಹಿಡೀತಿದೆ."

"ಬಾಯಿ ನೋಡು ಬಾಯಿ!"

ಅತ್ತೆ ಸೊಸೆಯ ಮಾತು ಏರುತ್ತಿದ್ದಾಗಲೇ ಭಾವ ಸಮಯ ನೋಡಿ ಬಾಗಿಲು ತೆರೆದ. ಆಳುಗಳು ಹಿಂದಿನಿಂದ ತಳ್ಳಿದರೆ ತಾನು ಒಳಗೆ ಕೂತು ಸ್ಟಿಯರಿಂಗ್ ಹಿಡಿಯುವುದು ಅವನ ಲೆಕ್ಕ. ಕಾಲು ಒಳಗಿಟ್ಟು ಸೀಟಿನ ಕೆಳಗಿನ ಕೊಂಡಿಗೆ ಕೈ ಹಾಕಿದನೋ ಇಲ್ಲವೋ, ಅತ್ತೆ ಚೀರಿದರು.

"ಮುಟ್ಟಬೇಡ! ಸೀಟು ಸರಿಸಬೇಡ್ವೋ! ಅವನು ಇಟ್ಟ ಹಾಗೇ ಇರಲಿ!"

"ಆಯ್ತಮ್ಮಾ, ಆಯ್ತು. ಹಾಗೇ ಕೂರ್ತೀನಿ."

ಕೂತ. ಕೂರಲು ಹೋದ ಎನ್ನಬೇಕು. ಮಂಡಿ ಎರಡೂ ಸ್ಟಿಯರಿಂಗಿಗೆ ಸಿಕ್ಕಿಕೊಂಡವು. ಹೊಟ್ಟೆ ಒಳಗೆಳೆದು ತುರುಕಿಕೊಂಡರೂ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮಕ್ಕಳ ತೊಟ್ಟಿಲಿನಲ್ಲಿ ಸಿಕ್ಕಿಬಿದ್ದ ಪೈಲ್ವಾನನಂತೆ ಕೂಗಿದ: "ಥೂ, ಇದರಲ್ಲಿ ಹೇಗೆ ಕೂರ್ತಿದ್ದನೋ ಅವನು!" ಗೇಟಿನ ಬಳಿ ಆಳುಗಳಲ್ಲಿ ಒಬ್ಬ ಕಿಸಕ್ಕೆಂದ.

ಅತ್ತೆ ನಗಲಿಲ್ಲ. ಅಣ್ಣತಮ್ಮ ಇಬ್ಬರೂ ಒಂದೇ ಎತ್ತರ, ಒಬ್ಬನ ಪ್ಯಾಂಟು ಇನ್ನೊಬ್ಬ ಹಾಕಿಕೊಂಡು ಬೆಳೆದವರು. ಒಂದೇ ಬಟ್ಟೆಯಲ್ಲಿ ಒಂದೇ ಅಳತೆಗೆ ಇಬ್ಬರಿಗೂ ಹೊಲಿದು ಕೊಟ್ಟ ತಾಯಿ ಆಕೆ. ಆ ಸಿಕ್ಕಿಕೊಂಡ ಮಂಡಿಯನ್ನೇ ನೋಡಿದರು. ಸೊಸೆಯ ಮೋಟು ಕಾಲುಗಳನ್ನು ನೋಡಿದರು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಗುಬ್ಬೀ..." ವರ್ಷದಲ್ಲಿ ಮೊದಲ ಸಲ ಆ ಹೆಸರು ಅವರ ಬಾಯಲ್ಲಿ ಬಂತು. "ಆ ಸೀಟು..."

ಗುಬ್ಬಿಯ ಚಾಚಿದ ಕೈಗಳು ಕೆಳಗಿಳಿದವು. ಹೇಳಬಾರದು ಎಂದು ವರ್ಷವೆಲ್ಲ ನುಂಗಿಟ್ಟ ಮಾತು! ಆದರೆ ಇನ್ನು ನುಂಗಿದರೆ ಲಾರಿ ಅವನನ್ನು ಎರಡನೇ ಸಲ ಹೊತ್ತುಕೊಂಡು ಹೋಗುತ್ತದೆ.

"ಅದು ನಿಮ್ಮ ಮಗ ಬಿಟ್ಟ ಹಾಗಿಲ್ಲ ಅತ್ತೆ. ನಾನು ಬಿಟ್ಟ ಹಾಗಿದೆ. ಅವರು ಹೋಗೋ ಹಿಂದಿನ ಸಂಜೆ ಗುಡ್ಡಕ್ಕೆ ಹೋದಾಗ, ಯಾಕೋ ಸುಸ್ತು ಕಣೇ, ನೀನೇ ಓಡಿಸು ಅಂದ್ರು. ಪಕ್ಕದ ಸೀಟಲ್ಲಿ ಒರಗಿಕೊಂಡು ಕಣ್ಣು ಮುಚ್ಚಿಕೊಂಡ್ರು. ನಿದ್ದೆ ಬಂತೇನೋ ಅಂದುಕೊಂಡೆ. ತಿರುವಿನಲ್ಲಿ ಗೇರು ಇಳಿಸಿದಾಗ ಕಣ್ಣು ಮುಚ್ಚಿಕೊಂಡೇ ನಕ್ಕರು... 'ಎಷ್ಟು ಚೆನ್ನಾಗಿ ಹಾಡಿಸ್ತೀಯೇ ಇದನ್ನ' ಅಂದ್ರು. ಮಾರನೆ ದಿನ ಡಿಪೋದಲ್ಲಿ ಎದೆ ಹಿಡ್ಕೊಂಡು ಬಿದ್ದರು ಅಂತ ಫೋನ್ ಬಂತು."

ಅತ್ತೆ ಗೋಡೆ ಹಿಡಿದುಕೊಂಡರು. "ಹಾಗಾದ್ರೆ... ವರ್ಷವೆಲ್ಲ ನಾನು ಒರೆಸಿದ್ದು... ನಿನ್ನ ಸೀಟನ್ನಾ?"

"ಹೂಂ."

"ಹೇಳಬಾರದಿತ್ತೇನೇ ಪಾಪಿ! ನನ್ನನ್ನ ಮಂಗನ ಹಾಗೆ ಕೂರಿಸಿ ನೋಡ್ತಿದ್ದೆಯಾ ಕಿಟಕಿಯಿಂದ?"

"ನಿಮಗೆ ಉಳಿದಿದ್ದು ಅದೊಂದೇ ಸಮಾಧಾನ. ಅದನ್ನ ಕಿತ್ತುಕೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ ಅತ್ತೆ!" ಗುಬ್ಬಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಬಗ್ಗಿರಲಿಲ್ಲ. "ಆದ್ರೆ ನನಗೆ ಉಳಿದಿರೋದೂ ಇದೊಂದೇ. ಅವರು ಗಾಜಿನೊಳಗಿಲ್ಲ. ಫೋಟೋದಲ್ಲೂ ಇಲ್ಲ. ಈ ಇಂಜಿನ್ ಸದ್ದಿನಲ್ಲಿ ಇದ್ದಾರೆ. ಅದನ್ನ ಬಿಚ್ಚಿ ಮೂಲೆಗೆ ಹಾಕಿದ್ರೆ ನಾನು ಸುಮ್ಮನಿರಲ್ಲ. ಇವತ್ತು ನಾನು ಹೋಗೋಳೇ!"

"ಹೋಗು ನೋಡೋಣ!" ಭಾವ ಹೇಗೋ ಹೊರಗೆ ಬಿದ್ದು ಗೇಟಿಗೆ ಅಡ್ಡ ನಿಂತ. "ಈ ಗೇಟು ದಾಟಿದ್ರೆ ಮತ್ತೆ ಈ ಮನೆ ಮೆಟ್ಟಿಲು ಹತ್ತಬೇಡ!"

ಗುಬ್ಬಿ ಕಾರಿನ ಬಾಗಿಲಿನತ್ತ ನಡೆದಳು. ಒಳಗೆ ಕೂತಳು. ಸೀಟನ್ನು ಅತ್ತ ಇತ್ತ ಸರಿಸುವ ಅಗತ್ಯವೇ ಬೀಳಲಿಲ್ಲ. ಗೇರು ಹಾಕಿ ಕ್ಲಚ್ ಒತ್ತಿ, ಒಂದು ಕಾಲು ಹೊರಗೆ ಊರಿ ಕಾರನ್ನು ತಳ್ಳಿ ನೋಡಿದಳು; ಅಲುಗಲಿಲ್ಲ. ಅಂದುಕೊಂಡಂತೆಯೇ ಆಗಿತ್ತು. ಬಹಳ ಕಾಲ ನಿಂತ ಗಾಡಿಯಲ್ಲಿ ಕ್ಲಚ್ಚಿನ ತಟ್ಟೆ ಅಂಟಿಕೊಂಡುಬಿಡುತ್ತದೆ. ಪೆಡಲ್ ಒತ್ತಿದರೂ ಇಂಜಿನ್ನೂ ಚಕ್ರವೂ ಬೇರೆಯಾಗುವುದಿಲ್ಲ. ಗೇರಿನಲ್ಲೇ ಸ್ಟಾರ್ಟ್ ಮಾಡಿ, ಮುಗ್ಗರಿಸುತ್ತಾ ಓಡುವಾಗಲೇ ಅದನ್ನು ಬಿಡಿಸಬೇಕು.

"ಭಾವ, ಸರಿದು ನಿಲ್ಲಿ. ಕ್ಲಚ್ ಅಂಟಿದೆ. ಇದು ಸ್ಟಾರ್ಟ್ ಆಗೋದೂ ಹೊರಡೋದೂ ಒಂದೇ ಸಲ. ಮಧ್ಯೆ ಯೋಚನೆ ಮಾಡೋಕೆ ಟೈಮಿಲ್ಲ."

"ನನ್ನ ಮೇಲೆ ಹತ್ತಿಸ್ತೀಯಾ? ಹತ್ತಿಸು!"

ಆಗ ಆಚೆ ಬದಿಯ ಬಾಗಿಲು ತೆರೆಯಿತು.

ಅತ್ತೆ ನಿಂತಿದ್ದರು. ಪಕ್ಕದ ಸೀಟನ್ನು ನೋಡುತ್ತಿದ್ದರು. ವರ್ಷದ ಧೂಳು ಅದರ ಮೇಲೆ ಬೂದಿಯಂತೆ ಕೂತಿತ್ತು. ಅದನ್ನು ಯಾರೂ ಒರೆಸಿರಲಿಲ್ಲ. ಕೈಯನ್ನು ಅದರ ಮೇಲಿಟ್ಟರು.

"ಇಲ್ಲೇನೇ?"

"ಇಲ್ಲೇ ಅತ್ತೆ."

ಅವರು ಅದನ್ನು ಒರೆಸಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಮೊದಲು ಒಂದು ಕಾಲು, ಆಮೇಲೆ ಸೊಂಟ, ಅಯ್ಯೋ ಅಮ್ಮಾ ಎನ್ನುತ್ತ ಧೂಳಿನ ಮೇಲೇ ಕುಸಿದು ಕೂತರು. ಅಷ್ಟು ತಗ್ಗಿಗೆ ಇಳಿದು ಕೂತ ಮುದುಕಿಯ ತಲೆ ಮಾತ್ರ ಹೊರಗೆ ಕಾಣುತ್ತಿತ್ತು.

"ಅಮ್ಮಾ! ನಿನಗೂ ತಲೆ ಕೆಟ್ಟಿತಾ? ಇಳಿಯಮ್ಮಾ!"

"ಲೋ ದೊಡ್ಡವನೇ," ಎಂದರು ಅತ್ತೆ. ಆ ದನಿ ಕೇಳಿ ಆಳುಗಳು ತಾವಾಗಿಯೇ ಲಾರಿಯ ಕಡೆ ಹೆಜ್ಜೆ ಹಾಕಿದರು. "ಮನೆ ನಂದು. ಗೇಟೂ ನಂದು. ಯಾರು ಮೆಟ್ಟಿಲು ಹತ್ತಬೇಕು, ಯಾರು ಹತ್ತಬಾರದು ಅಂತ ನಾನಿನ್ನೂ ಹೇಳಿಲ್ಲ. ಲಾರಿ ಹಿಂದಕ್ಕೆ ತೆಗೆಸು."

"ಜನ ಏನಂತಾರೆ?"

"ಜನಕ್ಕೆ ತೋರಿಸೋಕೆ ಹೊರಟೋನು ನೀನು. ನೀನೇ ಕೇಳಿಕೋ. ತೆಗೆಸು ಅಂದೆ!"

ಲಾರಿ ಸರಿಯಿತು. ಭಾವ ಗೇಟಿನ ಕಂಬಕ್ಕೆ ಅಂಟಿಕೊಂಡ. ಗುಬ್ಬಿ ಒಮ್ಮೆ ಕಣ್ಣೊರೆಸಿಕೊಂಡು ಮುಂದೆ ನೋಡಿದಳು.

"ನಿನ್ನನ್ನ ಕ್ಷಮಿಸಿಲ್ಲ ನಾನು," ಎಂದರು ಅತ್ತೆ, ಮುಖ ತಿರುಗಿಸದೆ. "ಮಗನ ಜತೆ ಕೊನೆ ಸಂಜೆ ನಿನಗೆ ಸಿಕ್ಕಿತು, ನನಗೆ ಸಿಗಲಿಲ್ಲ. ಸಾಯೋವರೆಗೂ ಕ್ಷಮಿಸಲ್ಲ."

"ಬೇಡಿ, ಕ್ಷಮಿಸಬೇಡಿ. ಬೆಲ್ಟ್ ಹಾಕ್ಕೊಳ್ಳಿ."

ಕೀಲಿ ತಿರುಗಿತು. ಕಾರು ಮುಗ್ಗರಿಸಿತು, ಕುಪ್ಪಳಿಸಿತು, ಒಂದು ವರ್ಷದ ಮೌನವನ್ನೆಲ್ಲ ಹೊಗೆಯಾಗಿ ಉಗುಳಿ ಗೇಟು ದಾಟಿತು! ಅತ್ತೆಯ ತಲೆ ಹಿಂದಕ್ಕೂ ಮುಂದಕ್ಕೂ ತೂಗಿತು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಗುಬ್ಬಿ ಎಡಗಾಲಲ್ಲಿ ಕ್ಲಚ್ ಪೆಡಲನ್ನು ನೆಲಕ್ಕೊತ್ತಿ, ಬಲಗಾಲಲ್ಲಿ ಆಕ್ಸಿಲರೇಟರ್ ಕೊಟ್ಟಳು, ಬಿಟ್ಟಳು, ಮತ್ತೆ ಕೊಟ್ಟಳು. ಬೀದಿ ಮುಗಿಯುವಷ್ಟರಲ್ಲಿ ಒಳಗೆಲ್ಲೋ 'ಟಕ್' ಎಂದಿತು. ಅಂಟಿದ್ದು ಬಿಟ್ಟಿತು. ಎರಡನೇ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು.

ಪೆಟ್ರೋಲ್ ಬಂಕಿನ ಮುಂದೆ ಮೊದಲ ಜಾಗ ಖಾಲಿಯಿತ್ತು. ಗಡ್ಡದಯ್ಯ ತಮ್ಮ ಹಳೆಯ ಹಸಿರು ಕಾರಿನ ಪಕ್ಕ ಎದ್ದು ನಿಂತರು. ಪಕ್ಕದ ಸೀಟಿನ ಮುದುಕಿಯನ್ನು ಕಂಡು ತಲೆಯ ಟೋಪಿ ತೆಗೆದರು. ಗುಬ್ಬಿ ನಿಲ್ಲಿಸಲೂ ಇಲ್ಲ. ಆ ಖಾಲಿ ಜಾಗದ ಮೇಲೆ ಹಾದು ಮುಂದೆ ಹೋದಳು. ಹಿಂದೆ ಒಂದೊಂದಾಗಿ ಇಂಜಿನ್ನುಗಳು ಗುಡುಗಿದವು. ಕನ್ನಡಿಯಲ್ಲಿ ಹಸಿರು, ಹಳದಿ, ಕೆಂಪು ಸಾಲು ಮೂಡಿತು.

ಗುಡ್ಡದ ರಸ್ತೆ ಶುರುವಾಗುತ್ತಿದ್ದಂತೆ ಅತ್ತೆಯ ಫೋನು ಬಡಿದುಕೊಂಡಿತು. ಗಾಳಿಗೆ ಬಿಳಿ ಕೂದಲು ಮುಖದ ತುಂಬ ಹಾರುತ್ತಿತ್ತು. ಕಣ್ಣಿಂದ ಸುರಿದ ನೀರು ಕೆನ್ನೆಗೆ ಇಳಿಯದೆ ಕಿವಿಯ ಕಡೆಗೆ ಓಡುತ್ತಿತ್ತು. ಅದನ್ನು ಒರೆಸಿಕೊಳ್ಳದೆಯೇ ಫೋನು ಕಿವಿಗಿಟ್ಟರು. ಭಾವನ ಗಂಟಲು ಗುಬ್ಬಿಗೂ ಕೇಳಿಸಿತು.

"ಅಮ್ಮಾ! ಎಲ್ಲಿದೀಯಮ್ಮಾ?"

"ನನ್ನ ಮಗನ ಜಾಗದಲ್ಲಿ ಕೂತಿದೀನಿ."

"ಅವಳಿಗೆ ಕೊಡು ಫೋನು! ಅವಳ ಹತ್ರ ಮಾತಾಡಬೇಕು!"

ಅತ್ತೆ ಸೊಸೆಯ ಕೈಗಳನ್ನು ನೋಡಿದರು. ಒಂದು ಸ್ಟಿಯರಿಂಗಿನ ಮೇಲೆ ಹಗುರಾಗಿ ಕೂತಿತ್ತು; ಇನ್ನೊಂದು ಗೇರಿನ ಮೇಲೆ ಕಾದಿತ್ತು.

"ಅವಳಿಗೆ ಪುರಸೊತ್ತಿಲ್ಲ. ಇಡು ಈಗ, ತಿರುವು ಬಂತು."